ಯಾವ ಅಳತೆಗೆ ಎಷ್ಟು ತೂಕ?

ನಿದ್ದೆಗೆಟ್ಟವರ ಕೈ ಎಷ್ಟು ನಿಧಾನವಾಗುತ್ತದೆ? ಇದನ್ನು ಅಳೆದ ಪ್ರಯೋಗವೊಂದರ ಅಂಕಿಗಳು ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಭಾಷೆಯ ಎಲ್‌ಎಂಇ4 ಪ್ಯಾಕೇಜಿನ (ಒಬ್ಬರದೇ ಹಲವು ಅಳತೆಗಳಿದ್ದಾಗ ಮಾಡೆಲ್ ಹಾಕುವ ಸಾಧನ) ಜೊತೆಗೇ ಬರುತ್ತವೆ. ಹೆಸರು ‘ಸ್ಲೀಪ್‌ಸ್ಟಡಿ’. 18 ಜನ, ತಲಾ 10 ದಿನ, ಒಟ್ಟು 180 ಸಾಲು. ಮೊದಲ ದಿನಗಳು ಕಳೆದ ಮೇಲೆ ರಾತ್ರಿಗೆ ಮೂರೇ ಗಂಟೆ ನಿದ್ದೆ. ಪ್ರತಿ ಸಾಲಿನಲ್ಲೂ ಇರುವುದು ಆ ದಿನದ ಪ್ರತಿಕ್ರಿಯಾ ಸಮಯದ ಸರಾಸರಿ, ಮಿಲಿಸೆಕೆಂಡುಗಳಲ್ಲಿ.

ತೂಕ ಅಂದರೆ ಯಾವ ಸಾಲನ್ನು ಎಷ್ಟು ನಂಬಬೇಕು ಎಂದು ಮಾಡೆಲ್‌ಗೆ ಹೇಳುವ ಅಂಕಿ. ಮೊದಲು ತೂಕವಿಲ್ಲದೆ ಮಾಡೆಲ್ ಹಾಕಿ. ಪ್ರತಿಯೊಬ್ಬರಿಗೂ ಅವರದೇ ಆರಂಭ, ಅವರದೇ ಏರಿಕೆ ಕೊಡಿ. ದಿನಕ್ಕೆ ಸುಮಾರು 10.5 ಮಿಲಿಸೆಕೆಂಡ್ ನಿಧಾನ ಎಂದು ಬರುತ್ತದೆ. ‘ಒಬ್ಬರದೇ ಹತ್ತು ಸಾಲು ಇದೆಯಲ್ಲ, ಒಂದೊಂದಕ್ಕೆ ಹತ್ತನೇ ಒಂದು ತೂಕ ಕೊಡೋಣ’ ಅನ್ನಿಸಬಹುದು. ಬೇಡ. ಆ ಕೆಲಸಕ್ಕೆಂದೇ ರ‍್ಯಾಂಡಮ್ ಎಫೆಕ್ಟ್ (ಪ್ರತಿಯೊಬ್ಬರಿಗೂ ಕೊಟ್ಟ ಆ ಸ್ವಂತ ಆರಂಭ, ಸ್ವಂತ ಏರಿಕೆ) ಇರುವುದು.

ತೂಕ ಬೇಕಾಗುವುದು ಸಾಲುಗಳ ನಂಬಿಕೆ ಒಂದೇ ಸಮ ಇಲ್ಲದಾಗ. ಒಂದು ಸರಾಸರಿ 100 ಪರೀಕ್ಷೆಯದು, ಇನ್ನೊಂದು 25ರದು ಎಂದಿಟ್ಟುಕೊಳ್ಳಿ (ಸುಮ್ನೆ ಉದಾಹರಣೆಗೆ). ಪರೀಕ್ಷೆಗಳ ಸಂಖ್ಯೆಯದೇ ಒಂದು ಕಾಲಂ ಮಾಡಿ, ಎಲ್‌ಎಂಇ4ರ ‘ಎಲ್‌ಮರ್’ ಫಂಕ್ಷನ್ನಿನ ‘ವೇಟ್ಸ್’ ಜಾಗದಲ್ಲಿ ಕೊಡಿ. ಅದು ಉಳಿಕೆಯ (ಮಾಡೆಲ್ ವಿವರಿಸದೆ ಬಿಟ್ಟದ್ದರ) ವೇರಿಯನ್ಸನ್ನು, ಅಂದರೆ ಅಲುಗಾಟದ ವರ್ಗವನ್ನು, ತೂಕದಿಂದ ಭಾಗಿಸುತ್ತದೆ. ಹಾಗಾಗಿ 100ರ ಸಾಲಿನ ವೇರಿಯನ್ಸ್ 25ರ ಸಾಲಿನ ಕಾಲು ಭಾಗ, ಅಲುಗಾಟ ಅರ್ಧ. ತೂಕಗಳನ್ನೆಲ್ಲ ಒಟ್ಟಿಗೆ ಎರಡು ಪಟ್ಟು ಮಾಡಿದರೂ ಏರಿಕೆಯ ಅಂದಾಜು ಬದಲಾಗದು. ಲೆಕ್ಕಕ್ಕೆ ಬರುವುದು ಪ್ರಮಾಣ ಮಾತ್ರ.

ಎನ್‌ಎಲ್‌ಎಂಇ ಎಂಬ ಇದೇ ಬಗೆಯ ಇನ್ನೊಂದು ಪ್ಯಾಕೇಜಿನಲ್ಲಿ ಹುಷಾರು! ಅಲ್ಲಿಯೂ ಹೆಸರು ‘ವೇಟ್ಸ್’, ಆದರೆ ಅದು ಕೇಳುವುದು ವೇರಿಯನ್ಸ್ ಹೇಗೆ ಬದಲಾಗುತ್ತದೆ ಎಂದು. ಅದನ್ನು ಹೇಳುವ ‘ವಾರ್‌ಫಿಕ್ಸ್ಡ್’ ಫಂಕ್ಷನ್ನಿನ ಒಳಗೆ ಒಂದನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ ಬರೆಯಬೇಕು. ಸಂಖ್ಯೆಯನ್ನೇ ಬರೆದರೆ ಲೆಕ್ಕ ತಲೆಕೆಳಗಾಗುತ್ತದೆ, ಎರರ್ ಮೆಸೇಜೂ ಬರುವುದಿಲ್ಲ. ದಿನದಿಂದ ದಿನಕ್ಕೆ ಚೆದುರುವಿಕೆಯೇ ಬೇರೆಯಾದರೆ ‘ವಾರ್‌ಐಡೆಂಟ್’ ಇದೆ.

ಇಷ್ಟಾದರೂ ಒಂದು ತೊಡಕಿದೆ. ಒಬ್ಬ ಮನುಷ್ಯ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಒಂದೇ ದಿನ ಸಾವಿರ ಪರೀಕ್ಷೆ ಮಾಡಿದರೂ ಆ ಏರಿಳಿತ ಕಡಿಮೆಯಾಗದು. ಅದು ದೊಡ್ಡದಿದ್ದರೆ ಪರೀಕ್ಷೆಗಳ ಸಂಖ್ಯೆಯನ್ನೇ ತೂಕ ಮಾಡುವುದು ಜಾಸ್ತಿಯಾಯಿತು, ಅಲ್ವಾ? ಹಾಗಾಗಿ ಸರಾಸರಿ ತೆಗೆಯುವ ಮುಂಚಿನ ಅಂಕಿಗಳು ಕೈಯಲ್ಲಿದ್ದರೆ ನಾನಂತೂ ಅವನ್ನೇ ಹಾಕುತ್ತೇನೆ: ವ್ಯಕ್ತಿಗೊಂದು ರ‍್ಯಾಂಡಮ್ ಎಫೆಕ್ಟ್, ಆ ವ್ಯಕ್ತಿಯ ಪ್ರತಿ ದಿನಕ್ಕೆ ಇನ್ನೊಂದು. ಆಗ ತೂಕದ ಕಾಲಮ್ಮೇ ಬೇಕಿಲ್ಲ.

ಸಮೀಕ್ಷೆಗಳ ತೂಕ ಮಾತ್ರ ಬೇರೆಯೇ ಜಾತಿ. ಒಬ್ಬರು ಎಷ್ಟು ಜನರ ಪರವಾಗಿ ಉತ್ತರಿಸುತ್ತಾರೆ ಎಂಬ ಲೆಕ್ಕ ಅದು. ಅದನ್ನು ‘ಎಲ್‌ಮರ್’ಗೆ ಕೊಡಬೇಡಿ, ‘ವೀಮಿಕ್ಸ್’ ಪ್ಯಾಕೇಜ್ ಅದಕ್ಕೆಂದೇ ಇದೆ.