ಗುಬ್ಬಿಯವರಿಗೆ ಸಿಂಹ ಬೇಕಿತ್ತು

ಆ ಹುಡುಗ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದ್ದು ಒಂದು ಸಿಂಹದ ಮುಖ. ತಲೆಗೆ ಕಿರೀಟ, ತೆರೆದ ಬಾಯಿ, ಕೇಸರದ ತುಂಬ ಬೆಂಕಿ. "ಇದೇ ಬೇಕು ಅಣ್ಣ, ಎದೆಯ ಎಡಗಡೆಗೆ" ಎಂದ. ಕಬಡ್ಡಿ ತಂಡ, ಹನ್ನೆರಡು ಜೆರ್ಸಿ, ಊರು ಗುಬ್ಬಿ. ತಂಡದ ಹೆಸರಿನ ಮೊದಲ ಪದವೂ ಗುಬ್ಬಿಯೇ.

"ಗುಬ್ಬಿಯವರು ಗುಬ್ಬಿಯನ್ನೇ ಹಾಕಿಸಿಕೊಂಡರೆ ಏನು ತಪ್ಪು?" ಎಂದು ಕೇಳಿದೆ. ಜೊತೆಗೆ ಬಂದಿದ್ದ ಇಬ್ಬರು ನಕ್ಕರು. ಅವನು ನಗಲಿಲ್ಲ. "ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಮೈಕಿನವನು ಮೊದಲ ರೈಡಿಗೇ ಶುರು ಮಾಡುತ್ತಾನೆ. ನಮಗೆ ಅದೆಲ್ಲ ಬೇಕೇ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಸಿಂಹವನ್ನೇ ಹಾಕಿಕೊಟ್ಟೆ.

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಮೊದಲು ಬ್ಯಾನರು, ಲಗ್ನಪತ್ರಿಕೆ, ಅಂಗಡಿ ಬೋರ್ಡು ಮಾಡುತ್ತಿದ್ದೆ. ಒಂಬತ್ತು ವರ್ಷದಿಂದ ಹೆಚ್ಚು ಕೆಲಸ ಆಟದ ಬಟ್ಟೆಯದು. "ಇಲ್ಲಿ ಜೆರ್ಸಿ ದೊರೆಯುತ್ತದೆ" ಎಂದು ಬೋರ್ಡು ಹಾಕಿದ ವಾರವೇ ಪಂಚೆ ಉಟ್ಟ ಹಿರಿಯರೊಬ್ಬರು ಬಂದು, ಹೊತ್ತಿಗೆ ಎಷ್ಟು ಲೀಟರ್ ಕರೆಯುತ್ತದೆ ಎಂದು ವಿಚಾರಿಸಿದ್ದರು. ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಜೆರ್ಸಿ ಎಂದರೆ ಮೊದಲು ನೆನಪಾಗುವುದು ಹಸು. ಮರುದಿನ ಬೋರ್ಡಿಗೆ "ಕ್ರೀಡಾ" ಎಂಬ ಪದ ಸೇರಿಸಿದೆ.

ನಾನು ಮಾಡುವುದು ಸಬ್ಲಿಮೇಷನ್ ಮುದ್ರಣ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದದ ಮೇಲೆ ಮುದ್ರಿಸಿ, ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒಂದು ನಿಮಿಷದೊಳಗೆ ಒತ್ತಿ ತೆಗೆಯುವುದು. ಬಣ್ಣ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ, ಒಗೆದರೂ ಹೋಗುವುದಿಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ. ಬಿಳಿ ಬಣ್ಣ ಎಂಬುದು ಇದರಲ್ಲಿ ಇಲ್ಲವೇ ಇಲ್ಲ; ಬಿಳಿ ಬೇಕಾದ ಕಡೆ ಬಟ್ಟೆಯನ್ನು ಖಾಲಿ ಬಿಡಬೇಕು. ಚಿನ್ನದ ಬಣ್ಣವೂ ಬರುವುದಿಲ್ಲ. ಮೊಬೈಲಿನಲ್ಲಿ ಫಳಫಳ ಹೊಳೆಯುವ ಕಿರೀಟ ಬಟ್ಟೆಯ ಮೇಲೆ ಸಾಸಿವೆ ಅರೆದು ಬಳಿದಂತೆ ಕಾಣುತ್ತದೆ. ಇದನ್ನು ಎಷ್ಟು ಹೇಳಿದರೂ ಹುಡುಗರು ನಂಬುವುದಿಲ್ಲ. ಹಾಗಾಗಿ ಒಂದು ತುಂಡು ಬಟ್ಟೆಯ ಮೇಲೆ ಕಿರೀಟ ಒತ್ತಿ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ಅದನ್ನೇ ತೋರಿಸುತ್ತೇನೆ.

ಗುಬ್ಬಿಯವರ ಸಿಂಹದ ಕಥೆಯೂ ಅದೇ ಆಯಿತು. ಎದೆಯ ಎಡಗಡೆ ಸಿಗುವ ಜಾಗ ಮೂರು ಇಂಚು. ಆ ಮೂರು ಇಂಚಿನಲ್ಲಿ ಬೆಂಕಿ, ಕೇಸರ, ಕಿರೀಟ, ಹಲ್ಲು ಎಲ್ಲವನ್ನೂ ತುರುಕಿದ ಮೇಲೆ ಹತ್ತು ಹೆಜ್ಜೆ ದೂರದಿಂದ ಕಾಣುವುದು ಒಂದು ಕಂದು ಕಲೆ. ಪಂದ್ಯ ಮುಗಿಸಿ ಬಂದವನು, ಎದುರು ತಂಡದವರು ಅದನ್ನು ಕರಡಿ ಎಂದುಕೊಂಡಿದ್ದರು ಎಂದು ಹೇಳಿದ.

ಅಂಗಡಿ ಶುರು ಮಾಡಿದಾಗ ನನ್ನ ನಂಬಿಕೆ ಸರಳವಾಗಿತ್ತು: ಹುಲಿ ಎಂದರೆ ಹುಲಿ ಬರೆ, ಹದ್ದು ಎಂದರೆ ಹದ್ದು ಬರೆ. ಹೆಸರನ್ನು ಎದೆಯ ಮೇಲೆ ಚಿತ್ರವಾಗಿ ಕೂರಿಸಿದರೆ ಕೆಲಸ ಮುಗಿಯಿತು. ಅದು ಕದಲಿದ್ದು ಒಂದು ಟೆನಿಸ್ ಬಾಲ್ ಪಂದ್ಯಾವಳಿಯಲ್ಲಿ. ಹೆಸರಿನಲ್ಲಿ "ಟೈಗರ್ಸ್" ಇದ್ದ ತಂಡ, ಎದೆಯ ಮೇಲೆ ನಾನೇ ಕೂತು ಗೆರೆ ಗೆರೆ ಎಳೆದ ಹುಲಿ. ಬಟ್ಟೆ ಮಾತ್ರ ನೀಲಿ, ಏಕೆಂದರೆ ನಾಯಕನಿಗೆ ಭಾರತ ತಂಡದ ನೀಲಿಯೇ ಬೇಕಿತ್ತು. ಎರಡು ದಿನ ನಾನು ಬೌಂಡರಿ ಹಗ್ಗದ ಪಕ್ಕ ಕೂತಿದ್ದೆ. ಮೈಕಿನಲ್ಲಿ ಟೈಗರ್ಸ್, ಟೈಗರ್ಸ್ ಎಂದು ಕೂಗುತ್ತಿದ್ದರು. ಸುತ್ತ ನಿಂತವರ ಬಾಯಲ್ಲಿ "ನೀಲಿಯವರಿಗೆ ಎಷ್ಟು ಬೇಕಂತೆ?", "ನೀಲಿಯವರ ಬೌಲಿಂಗ್ ಪರವಾಗಿಲ್ಲ". ಕೊನೆಗೆ ಬಹುಮಾನ ಹಂಚುವಾಗ ಟೈಗರ್ಸ್ ಎಂದು ಕರೆದರೆ ನನ್ನ ಪಕ್ಕದವರು ಕೇಳಿದರು: "ಟೈಗರ್ಸ್ ಯಾವುದು?"

ತಂಡಕ್ಕೆ ಹೆಸರಿಡುವುದು ಹುಡುಗರು. ಕರೆಯುವುದು ಜನ, ಮತ್ತು ಜನ ಕರೆಯುವುದು ಬಣ್ಣದಿಂದ. ಅಂದಿನಿಂದ ನಾನು ಹೆಸರನ್ನು ಚಿತ್ರದಲ್ಲಿ ಹುಡುಕುವುದನ್ನು ಬಿಟ್ಟು ಬಣ್ಣದಲ್ಲಿ ಹುಡುಕಲು ಶುರು ಮಾಡಿದೆ.

ಈ ಮಾತಿಗೆ ಹುಡುಗರ ಬಳಿ ಸಿದ್ಧ ಉತ್ತರವಿದೆ. "ಆರ್‌ಸಿಬಿ ಹೆಸರಿನಲ್ಲಿ ಸಿಂಹ ಎಲ್ಲಿದೆ ಅಣ್ಣ?" ಇಲ್ಲ, ನಿಜ. ಆ ಹೆಸರು ಹುಟ್ಟಿದ್ದೇ ಒಂದು ವಿಸ್ಕಿಯ ಹೆಸರಿನಿಂದ. ಸೂಪರ್ ಕಿಂಗ್ಸ್ ಎನ್ನುವ ಚೆನ್ನೈಗೂ ಸಿಂಹ. ಪ್ರೊ ಕಬಡ್ಡಿಯಲ್ಲಿ ಸತತ ಮೂರು ಸಲ ಗೆದ್ದವರು ಪಾಟ್ನಾ ಪೈರೇಟ್ಸ್. ಪಾಟ್ನಾದಲ್ಲಿ ಗಂಗೆ ಇದ್ದಾಳೆ, ಕಡಲ್ಗಳ್ಳರಿಗೆ ಬೇಕಾದ ಸಮುದ್ರ ಎಲ್ಲಿದೆ? ಅಮೆರಿಕದ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡ ಕೆರೆ ಸರೋವರಗಳ ನಾಡಾದ ಮಿನ್ನಿಯಾಪೊಲಿಸ್‌ನಿಂದ 1960ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು, ಹೆಸರನ್ನೂ ಗಂಟುಮೂಟೆಯ ಜೊತೆ ಕಟ್ಟಿಕೊಂಡು ಹೋಯಿತು. ಯಾರಿಗೂ ತೊಂದರೆಯಾಗಿಲ್ಲ.

ಆದರೆ ಅವರ ಬಳಿ ಕಾಲವಿದೆ. ಆರ್‌ಸಿಬಿ 2008ರಿಂದ ಪ್ರತಿ ಬೇಸಿಗೆ ನಮ್ಮ ಮನೆಯ ಟಿವಿಯಲ್ಲಿ ಕೂತಿದೆ. ಕಪ್ ಗೆಲ್ಲಲು 2025ರವರೆಗೆ ಕಾದರೂ ಜನ ಬಿಡಲಿಲ್ಲ. 2011ರಿಂದ ಹೆಚ್ಚುಕಡಿಮೆ ಋತುವಿಗೊಂದು ಪಂದ್ಯ ಹಸಿರು ಅಂಗಿಯಲ್ಲಿ ಆಡಿದರೂ ಅದು ಯಾರೆಂದು ಯಾರೂ ಕೇಳುವುದಿಲ್ಲ. ಗುಬ್ಬಿಯ ಹುಡುಗರಿಗೆ ಇರುವುದು ಒಂದು ಪಂದ್ಯ, ಇಪ್ಪತ್ತು ಇಪ್ಪತ್ತು ಸೇರಿ ನಲವತ್ತು ನಿಮಿಷ. ಸೋತರೆ ಅಲ್ಲಿಗೆ ಆ ವರ್ಷ ಮುಗಿಯಿತು. ಅಷ್ಟರಲ್ಲಿ ಜನರಿಗೆ ತಾವು ಯಾರೆಂದು ಗೊತ್ತಾಗಬೇಕು.

ದೊಡ್ಡ ತಂಡಗಳಲ್ಲೂ ಬಣ್ಣ ಮೊದಲು ಬಂದು ಪ್ರಾಣಿ ಆಮೇಲೆ ಬಂದದ್ದಿದೆ. ಅಮೆರಿಕದ ಬೇಸ್‌ಬಾಲ್ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಹೆಸರು ಪಡೆದದ್ದು ಸಮವಸ್ತ್ರದಲ್ಲಿದ್ದ ಕಾರ್ಡಿನಲ್ ಎಂಬ ಕೆಂಪಿನಿಂದ. ಅದೇ ಹೆಸರಿನ ಹಕ್ಕಿ ಬಂದು ಎದೆಯ ಮೇಲೆ ಕೂತದ್ದು 1922ರಲ್ಲಿ. ಇಟಲಿಯ ಯುವೆಂಟಸ್ ಫುಟ್‌ಬಾಲ್ ತಂಡ ಮೊದಲು ಗುಲಾಬಿ ಅಂಗಿ ತೊಡುತ್ತಿತ್ತು. ಒಗೆದು ಒಗೆದು ಅದು ಮಾಸಿಹೋಗಿ, 1903ರಲ್ಲಿ ಇಂಗ್ಲೆಂಡಿನ ನಾಟಿಂಗ್ಯಾಮ್‌ನಿಂದ ಕಪ್ಪು ಬಿಳಿ ಪಟ್ಟೆಯ ಅಂಗಿ ತರಿಸಿಕೊಂಡರು. ಆ ಪಟ್ಟೆಯಿಂದಾಗಿ ಜೀಬ್ರಾ ಅವರ ಪ್ರಾಣಿಯಾಯಿತು. ಬಣ್ಣ ಬಿಡುವ ಬಟ್ಟೆಯ ಮೇಲೆ ನನಗೆ ಹುಟ್ಟಾ ಸಿಟ್ಟು, ಆದರೆ ಇಲ್ಲಿ ಮಾತ್ರ ಅದರಿಂದ ಒಳ್ಳೆಯದಾಗಿದೆ.

ಬಣ್ಣ ಸಾಕು ಎಂದೊಡನೆ ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ನವೆಂಬರ್ ಬಂತೆಂದರೆ ಎಲ್ಲರಿಗೂ ಅರಿಶಿನ ಕುಂಕುಮದ ಬಣ್ಣವೇ ಬೇಕು. ಒಂದು ರಾಜ್ಯೋತ್ಸವ ಕಪ್ ಪಂದ್ಯಾವಳಿಗೆ ಮಧುಗಿರಿ ಕಡೆಯ ಎರಡು ತಂಡಗಳು ಬೇರೆ ಬೇರೆ ದಿನ ಬಂದು ಆರ್ಡರ್ ಕೊಟ್ಟವು. ಮೇಲೆ ಹಳದಿ, ಕೆಳಗೆ ಕೆಂಪು ಎರಡಕ್ಕೂ ನಾನೇ ಮಾಡಿದೆ. ಎಲ್ಲಿ ಆಡುತ್ತೀರಿ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಎರಡೂ ತಂಡ ಒಂದೇ ಅಂಕಣಕ್ಕೆ ಇಳಿದವು. ರೈಡರನ್ನು ಹಿಡಿದ ರಾಶಿಯಲ್ಲಿ ಯಾರ ಕೈ ಯಾರದು ಎಂದು ತೀರ್ಪುಗಾರರಿಗೂ ತಿಳಿಯದಂತಾಗಿ, ಒಂದು ತಂಡಕ್ಕೆ ಅಂಗಿ ತಿರುಗಿಸಿ ಹಾಕಿಕೊಳ್ಳಲು ಹೇಳಿದರು. ಸಬ್ಲಿಮೇಷನ್ ಬಟ್ಟೆಯ ಒಳಮೈ ಹೆಚ್ಚುಕಡಿಮೆ ಬಿಳಿಯೇ. ಹೊಲಿಗೆ, ದಾರದ ತುದಿ, ಅಳತೆಯ ಚೀಟಿ ಎಲ್ಲ ಹೊರಗೆ ಬಿಟ್ಟುಕೊಂಡು ಆ ಹುಡುಗರು ಆಡಿದರು. ತಿರುಗುಮುರುಗಾದ ಸಂಖ್ಯೆ ಮಸುಕಾಗಿ ಕಾಣುತ್ತಿತ್ತು. ಕಬಡ್ಡಿಯ ನಿಯಮದಲ್ಲಿ ಸಂಖ್ಯೆ ಮುಂದೆ ನಾಲ್ಕು ಇಂಚು, ಹಿಂದೆ ಆರು ಇಂಚಾದರೂ ಇರಬೇಕು. ಅಳತೆ ಸರಿಯಿತ್ತು, ದಿಕ್ಕು ತಪ್ಪಿತ್ತು. ಅವರು ಗೆದ್ದರು ಎಂಬುದೊಂದೇ ನನ್ನನ್ನು ಉಳಿಸಿತು.

ಈಗ ಹೆಸರು ಕೇಳುವ ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. ಯಾವ ಪಂದ್ಯಾವಳಿ, ಬೇರೆಯವರದು ಯಾವ ಬಣ್ಣ, ಹಗಲೋ ಹೊನಲು ಬೆಳಕೋ. ಹೊನಲು ಬೆಳಕು ಎಂದು ಕರಪತ್ರದಲ್ಲಿ ಹಾಕಿದರೂ ಹಳ್ಳಿಯಲ್ಲಿ ಅದು ನಾಲ್ಕು ಕಂಬದ ದೀಪ. ಅದರ ಕೆಳಗೆ ಕಡುನೀಲಿ, ಕಡುಹಸಿರು, ಮರೂನ್, ಕಪ್ಪು ಎಲ್ಲ ಒಂದೇ ಕತ್ತಲೆ. ಮಣ್ಣಿನ ಅಂಕಣವಾದರೆ ಬಿಳಿ ಬೇಡ ಎನ್ನುತ್ತೇನೆ, ನಮ್ಮ ಕೆಂಪುಮಣ್ಣು ಅರ್ಧ ಆಟದೊಳಗೆ ಎಲ್ಲರಿಗೂ ಒಂದೇ ಬಣ್ಣ ಬಳಿಯುತ್ತದೆ. ಮಾದರಿ ಅಂಗಿಯನ್ನು ಎದುರಿನ ಕಾಂಪೌಂಡ್ ಗೋಡೆಗೆ ನೇತುಹಾಕಿ ರಸ್ತೆಯ ಈಚೆಯಿಂದ ನೋಡುತ್ತೇನೆ. ನಡುವೆ ಆಟೊ, ಬೈಕು ಹೋಗುತ್ತಿರುವಾಗಲೂ ಕಣ್ಣಿಗೆ ಬಿದ್ದರೆ ಪಾಸು.

ಚಿತ್ರವೇ ಬೇಡವೆಂದು ನಾನು ಹೇಳುವುದಿಲ್ಲ. ಕುಣಿಗಲ್‌ನವರಿಗೆ ಕುದುರೆ ಹಾಕಿದ್ದೇನೆ. ಅಲ್ಲಿ ಹಳೆಯ ಕುದುರೆ ಫಾರ್ಮ್ ಇದೆ, ಪಕ್ಕದಿಂದ ಕಂಡ ಕುದುರೆಯ ಕತ್ತು ಮೂರು ಇಂಚಿನಲ್ಲೂ ಕುದುರೆಯೇ. ಕಷ್ಟವಾಗುವುದು ಕಲ್ಪತರು. ನಮ್ಮದು ಕಲ್ಪತರು ನಾಡು, ಹಾಗಾಗಿ ನಾಲ್ಕು ತಂಡ ಬಂದರೆ ಒಂದರ ಹೆಸರಿನಲ್ಲಿ ಅದು ಇದ್ದೇ ಇರುತ್ತದೆ. ತೆಂಗಿನ ಮರ ಬರೆದರೆ ಎದೆಯ ಮೇಲೆ ಕಸಪೊರಕೆ ನೆಟ್ಟಂತೆ ಕಾಣುತ್ತದೆ. ತಿಪಟೂರಿನ ಒಂದು ವಾಲಿಬಾಲ್ ತಂಡಕ್ಕೆ ತಲೆ ಓಡಿಸಿ ಸಿಪ್ಪೆ ಸುಲಿದ ಕಾಯಿಯ ಮೂರು ಕಣ್ಣು ಬರೆದೆ: ಒಂದು ವೃತ್ತ, ಒಳಗೆ ಮೂರು ಚುಕ್ಕೆ. ಇಷ್ಟು ಸರಳವಾದ ಲಾಂಛನ ಇನ್ನೊಂದಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಒಯ್ಯಲು ಬಂದ ಹುಡುಗ ಅಂಗಿ ಬಿಡಿಸಿ ನೋಡಿ ಕೇಳಿದ: "ಪ್ಲಗ್ ಪಾಯಿಂಟ್ ಏಕೆ ಹಾಕಿದ್ದೀರಿ ಅಣ್ಣ?" ಆ ಮೇಲೆ ನನಗೂ ಅದು ಕಾಯಿಯಾಗಿ ಕಾಣಿಸಿಲ್ಲ.

ಬಣ್ಣವೊಂದೇ ಹೆಸರನ್ನು ಹೇಳಬಲ್ಲದು ಎಂಬುದನ್ನು ನನಗೆ ಪೂರ್ತಿಯಾಗಿ ಕಲಿಸಿದವರು ಅಂಬೇಡ್ಕರ್ ಹೆಸರಿನ ಒಂದು ಯುವಕ ಸಂಘದವರು. ಮಹನೀಯರ ಹೆಸರಿನ ತಂಡಗಳು ಸಾಮಾನ್ಯವಾಗಿ ಭಾವಚಿತ್ರ ಕೇಳುತ್ತವೆ, ಅದೂ ಬೆನ್ನ ತುಂಬ. ನಾನು ಅದೇ ಅಂದಾಜಿನಲ್ಲಿ ಚಿತ್ರ ಸಿದ್ಧ ಮಾಡಿಕೊಂಡಿದ್ದೆ. ಅವರಲ್ಲಿ ಹಿರಿಯನೊಬ್ಬ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಕಬಡ್ಡಿಯಲ್ಲಿ ಈ ಬಟ್ಟೆ ನೆಲಕ್ಕೆ ಉಜ್ಜುತ್ತದೆ, ಯಾರದೋ ಕಾಲಿನ ಕೆಳಗೆ ಬೀಳುತ್ತದೆ. ಬಾಬಾಸಾಹೇಬರನ್ನು ಅಲ್ಲಿಡುವುದು ಬೇಡ. ನೀಲಿ ಹಾಕಿ" ಎಂದ. ಚಿತ್ರ ಅಳಿಸಿದೆ. ಅಂಗಿಯ ಮೇಲೆ ನೀಲಿ ಮತ್ತು ಬಿಳಿ ಸಂಖ್ಯೆ, ಬೇರೆ ಏನೂ ಇಲ್ಲ. ಅವರು ಅಂಕಣಕ್ಕೆ ಇಳಿದಾಗ ಯಾರ ಹೆಸರಿನ ತಂಡ ಎಂದು ಒಬ್ಬರೂ ಕೇಳಲಿಲ್ಲ, ಜೈಕಾರ ತಾನಾಗಿ ಬಂತು. ಅಂದಿನಿಂದ ಭಾವಚಿತ್ರ ಕೇಳಿ ಬಂದವರಿಗೆಲ್ಲ ಆ ಹಿರಿಯನ ಮಾತನ್ನೇ ಹೇಳುತ್ತೇನೆ. ಪ್ರಾಯೋಜಕರ ಫೋಟೊ ಹಾಕಿ ಎನ್ನುವವರಿಗೂ ಇದನ್ನೇ ಹೇಳಿ ನೋಡಿದೆ. ಅವರಿಗೆ ಕಾಲಿನ ಕೆಳಗೆ ಬೀಳುವುದರ ಚಿಂತೆ ಇದ್ದಂತಿಲ್ಲ, ಮುಖ ಇನ್ನಷ್ಟು ದೊಡ್ಡದಾಗಬೇಕು ಎನ್ನುತ್ತಾರೆ.

ಮರುವರ್ಷ ಗುಬ್ಬಿಯ ಹುಡುಗ ಮತ್ತೆ ಬಂದ. ಕರಡಿಯ ಅವಮಾನ ಅವನಿಗೆ ಮರೆತಿರಲಿಲ್ಲ. "ಈ ಸಲ ಎದೆಗೆ ಏನೂ ಬೇಡ, ಅಂಗಿ ಮಾತ್ರ ಚೆನ್ನಾಗಿರಲಿ" ಎಂದ. ನಾನು ಹೆಚ್ಚು ಮಾತಾಡದೆ ಒಂದು ವಿನ್ಯಾಸ ತೋರಿಸಿದೆ. ಹೆಗಲಿನಿಂದ ತೋಳಿನವರೆಗೆ ಇಟ್ಟಿಗೆಯ ಕಂದು, ಹೊಟ್ಟೆಯ ಭಾಗ ತಿಳಿ ಬೂದಿ, ಕತ್ತಿನಿಂದ ಎದೆಯ ನಡುವಿಗೆ ಇಳಿಯುವ ಅಗಲವಾದ ಕಪ್ಪು. ಆ ಕಪ್ಪಿನ ಮೇಲೆ ಬಟ್ಟೆ ಖಾಲಿ ಬಿಟ್ಟು ಮಾಡಿದ ಬಿಳಿ ಸಂಖ್ಯೆ, ರಸ್ತೆಯಾಚೆಯಿಂದಲೂ ಓದಬಹುದಾದಷ್ಟು ಸ್ಪಷ್ಟ. ಮೂವರಿಗೂ ಹಿಡಿಸಿತು. ಇದು ಏನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂದ್ಯದ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಹಿಂದೆ ಮೈಕಿನ ಸದ್ದು, ಸೀಟಿ. "ಅಣ್ಣ, ನೀವು ಕೊನೆಗೂ ಗುಬ್ಬಿಯನ್ನೇ ಹಾಕಿಬಿಟ್ಟಿರಾ?" ತಂಡ ಬಂದು ಸಾಲಾಗಿ ನಿಂತದ್ದೇ ತಡ, ಮೈಕಿನವನು ಗಂಡುಗುಬ್ಬಿಗಳು ಇಳಿದವು ನೋಡಿ ಎಂದನಂತೆ. ಜನ ಹಿಡಿದುಕೊಂಡರಂತೆ. ಎರಡು ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ಸೋತಿದ್ದರು, ಹಾಗಾಗಿ ಧ್ವನಿಯಲ್ಲಿ ಕೋಪ ಇದ್ದರೂ ಹೆಚ್ಚಿರಲಿಲ್ಲ. ಬ್ರಹ್ಮಾಸ್ತ್ರ ಎಂದರೇ ಎಂದು ಕೇಳಿದೆ. ಸೋತ ಪಂದ್ಯದಲ್ಲಿ ಒಂದು ಸಲ ಎಂದರು ಎಂದ.

ಕಳೆದ ತಿಂಗಳು ಮೂರನೆಯ ಆರ್ಡರ್ ಕೊಟ್ಟಿದ್ದಾರೆ. ಅದೇ ಅಂಗಿ, ಕೊರಳ ಕಪ್ಪು ಇನ್ನೊಂದು ಇಂಚು ಕೆಳಗಿಳಿಯಬೇಕಂತೆ. ಹೊರಡುವಾಗ ಬಾಗಿಲಲ್ಲಿ ನಿಂತು ಮೊಬೈಲ್ ತೆಗೆದ. ಅದೇ ಕಿರೀಟ, ಅದೇ ಬೆಂಕಿ. "ಚಡ್ಡಿಯ ಮೇಲೆ, ತೊಡೆಯ ಹತ್ತಿರ, ಸಣ್ಣದಾಗಿ ಇದೊಂದು ಇರಲಿ ಅಣ್ಣ."

ಕಿರೀಟ ತೆಗೆದು ಹಾಕುತ್ತೇನೆ ಎಂದೆ. ಒಪ್ಪಿದ.