ಬಳ್ಳಾರಿಯವಳಿಗೆ ಸಿಂಗಾಪುರದ ಸೆಕೆ

ಮಗ ಅಮೆರಿಕದ ಫ್ರೀಮಾಂಟ್‌ನಲ್ಲಿದ್ದಾನೆ, ಮಗಳು ಸಿಂಗಾಪುರದಲ್ಲಿ. ಮಗಳ ಎರಡೂ ಬಾಣಂತನಕ್ಕೆ ನಾನು ಮಗನ ಮನೆಯಿಂದಲೇ ಹೊರಟೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನ, ಸುಮಾರು 17 ಗಂಟೆ. ಮೊದಲ ಸಲ ಹೋದಾಗ ಮೂರು ದಿನ ನಾನೇ ಮಲಗಿಬಿಟ್ಟೆ. ಹಸಿ ಬಾಣಂತಿ ಎದ್ದು ಬಂದು ನನಗೆ ನೀರು ಕೊಡಬೇಕಾಯಿತು. ಆ ಸಂಕಟ ಇನ್ನೂ ಮನಸ್ಸಿನಲ್ಲಿದೆ.

ಬಳ್ಳಾರಿಯಲ್ಲಿ ಬೆಳೆದು 40 ಡಿಗ್ರಿ ಕಂಡವಳಿಗೆ 32 ಡಿಗ್ರಿ ಏನು ಮಹಾ ಅಂದುಕೊಂಡಿದ್ದೆ. ಇಳಿದ ದಿನ ಮಧ್ಯಾಹ್ನವೇ ಟೆಕ್ಕಾ ಮಾರ್ಕೆಟ್‌ಗೆ ತರಕಾರಿ ತರಲು ಹೋದೆ. ಅರ್ಧ ಗಂಟೆಗೆ ಕಣ್ಣು ಕತ್ತಲೆ ಬಂತು. ನಮ್ಮೂರಿನದು ಒಣ ಬಿಸಿಲು. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಸಿಂಗಾಪುರದ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಅಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಮೈಯಿಂದ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಸಾಲದ್ದಕ್ಕೆ, ಪದೇ ಪದೇ ಟಾಯ್ಲೆಟ್‌ಗೆ ಏಳಬೇಕಲ್ಲ ಅಂತ ವಿಮಾನದಲ್ಲಿ ನಾನು ನೀರೇ ಕುಡಿದಿರಲಿಲ್ಲ.

ಎರಡನೇ ಸಲ ಏಪ್ರಿಲ್ ತಿಂಗಳು. ಅಲ್ಲಿ ಸೆಕೆ ಜಾಸ್ತಿ ಇರುವ ಕಾಲ. ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ, ಬಿಪಿ ಮಾತ್ರೆ ಯಾವ ಗಂಟೆಗೆ ತೆಗೆದುಕೊಳ್ಳಬೇಕು ಅಂತ ಬರೆಸಿಕೊಂಡೆ. ಮಾತ್ರೆ ಎಲ್ಲಾ ಕೈಚೀಲದಲ್ಲೇ ಇತ್ತು. ಸೀಟು ನಡೆಯುವ ದಾರಿಯ ಪಕ್ಕದ್ದೇ ಬೇಕು ಅಂತ ಮಗನಿಗೆ ಹೇಳಿದೆ. ಕಾಲಿಗೆ ಬಿಗಿ ಕಾಲುಚೀಲ ಹಾಕಿದೆ. ಉಂಗುರ ಮನೆಯಲ್ಲೇ ತೆಗೆದಿಟ್ಟೆ, ಯಾಕೆಂದರೆ ಕೈಬೆರಳೂ ಊದುತ್ತವೆ.

ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ 17 ಗಂಟೆ ಕೂತ ಹಾಗೆ, ಅಲ್ವಾ? ಜೊತೆಗೆ ತುಂಬಾ ಒಣ. ಮೂಗು, ತುಟಿ, ಕಣ್ಣು ಎಲ್ಲಾ ಉರಿಯುತ್ತವೆ. ತುಟಿಗೆ ವ್ಯಾಸಲೀನ್ ಹಚ್ಚಿಕೊಂಡು, ಗಂಟೆಗೊಮ್ಮೆ ನಾಲ್ಕು ಗುಟುಕು ನೀರು ಕುಡಿದೆ. ಟಾಯ್ಲೆಟ್‌ಗೆ ಏಳುವುದೇ ನಡಿಗೆ ಅಂದುಕೊಂಡೆ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಕಿವಿ ಕಟ್ಟಿದರೆ ಇರಲಿ ಅಂತ ಏಲಕ್ಕಿ ಇಟ್ಟುಕೊಂಡಿದ್ದೆ. ಚೂಯಿಂಗ್ ಗಮ್ ಬೇಡ. 1992ರಿಂದ ಸಿಂಗಾಪುರಕ್ಕೆ ಅದನ್ನು ತರುವ ಹಾಗಿಲ್ಲ.

ನಿದ್ದೆಯ ಲೆಕ್ಕ ಸ್ವಲ್ಪ ಕಷ್ಟ. ಶುಕ್ರವಾರ ರಾತ್ರಿ 11ಕ್ಕೆ ಹೊರಟೆವು. ಆಗ ಸಿಂಗಾಪುರದಲ್ಲಿ ಶನಿವಾರ ಮಧ್ಯಾಹ್ನ 2. ಗಡಿಯಾರವನ್ನು ಅಲ್ಲಿನ ಸಮಯಕ್ಕೆ ತಿರುಗಿಸಿಬಿಟ್ಟೆ. ಊಟ ಆಗಿ ದೀಪ ಆರಿಸಿದ ಮೇಲೆ ಎರಡು ಗಂಟೆ ಮಾತ್ರ ಮಲಗಿ ಎದ್ದೆ. ಗಡಿಯಾರದಲ್ಲಿ ರಾತ್ರಿ 10 ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ಪೂರ್ತಿ ಮಲಗಿದೆ. ಇಳಿದಾಗ ಭಾನುವಾರ ಬೆಳಿಗ್ಗೆ 7.

ವಿಮಾನದ ಚಳಿಗೆ ಅಂತ ಹಾಕಿದ್ದ ಸ್ವೆಟರ್, ಶಾಲು ಎರಡನ್ನೂ ಚಾಂಗಿ ನಿಲ್ದಾಣದೊಳಗೇ ತೆಗೆದೆ. ಒಳಗೆ ಸಡಿಲವಾದ ಹತ್ತಿ ಚೂಡಿದಾರ್ ಇತ್ತು.

ಮಗಳು ಎಸಿ 18ಕ್ಕೆ ಇಡಲು ಹೋದಳು. "ಬೇಡಮ್ಮ, 26 ಇರಲಿ" ಅಂದೆ. ಒಳಗೆ ಮಂಜುಗಡ್ಡೆ, ಹೊರಗೆ ಹಬೆ ಅಂದರೆ ಮೈ ಹೇಗೆ ಹೊಂದಿಕೊಳ್ಳಬೇಕು? ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ದಿನಾ ಸ್ವಲ್ಪ ಸ್ವಲ್ಪ ಸೆಕೆ ತಾಗಿದರೆ ಮಾತ್ರ ಅದು ಒಗ್ಗುತ್ತದೆ. ಮೊದಲ ಎರಡು ದಿನ ಹೊರಗೇ ಹೋಗಲಿಲ್ಲ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಲಿಲ್ಲ. ಅಲ್ಲಿ ವರ್ಷಪೂರ್ತಿ ಸೂರ್ಯ ಹುಟ್ಟುವುದೂ ಮುಳುಗುವುದೂ ಹೆಚ್ಚುಕಡಿಮೆ 7ಕ್ಕೆ. ಮೂರನೇ ದಿನದಿಂದ ಸಂಜೆ 6ರ ಮೇಲೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ ಹತ್ತು ನಿಮಿಷ ನಡೆದೆ. ಅದಕ್ಕೆ ಅಲ್ಲಿ ವಾಯ್ಡ್ ಡೆಕ್ ಅನ್ನುತ್ತಾರೆ. ನೆರಳೂ ಇದೆ, ಗಾಳಿಯೂ ಆಡುತ್ತದೆ. ಆಮೇಲೆ ದಿನಕ್ಕೆ ಐದು ನಿಮಿಷ ಹೆಚ್ಚಿಸುತ್ತಾ ಹೋದೆ.

ಕುಡಿಯಲು ನೀರು ಮಜ್ಜಿಗೆ. ಬಿಪಿ ಇರುವುದರಿಂದ ಉಪ್ಪು ಚಿಟಿಕೆ ಅಷ್ಟೇ. ದಿನಾ ಎರಡು ಸಲ ಸ್ನಾನ ಮಾಡಿ, ಕುತ್ತಿಗೆ, ಕಂಕುಳು, ಕಾಲ್ಬೆರಳ ಸಂದು ಒರೆಸಿ ಪೂರ್ತಿ ಒಣಗಿಸುತ್ತಿದ್ದೆ. ಬೆವರುಸಾಲೆ ಏಳಲಿಲ್ಲ.

ಹತ್ತನೇ ದಿನ ಬೆಳಿಗ್ಗೆ 8ಕ್ಕೆ ಒಬ್ಬಳೇ ಟೆಕ್ಕಾಗೆ ಹೋಗಿ ಮಗಳಿಗೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ತಂದೆ. ಚೂಡಿದಾರ್ ಬೆನ್ನಿಗೆ ಅಂಟಿತ್ತು. ತಲೆ ಸುತ್ತಲಿಲ್ಲ.