ಮೋಡವಿಲ್ಲದ ಆಕಾಶದಲ್ಲಿ ರಾಡಾರ್ ಕಂಡಿದ್ದೇನು? ಓದುವುದು ಹೀಗೆ

ಮಳೆಯಿಲ್ಲ, ಮೋಡವೂ ಇಲ್ಲ. ಆದರೂ ಹವಾಮಾನ ರಾಡಾರ್‌ನ ತೆರೆಯಲ್ಲಿ ಮಸುಕು ಬಣ್ಣ ಹರಡಿರುತ್ತದೆ. 1940ರ ದಶಕದಲ್ಲಿ ಇದನ್ನು ಕಂಡವರು ಏನೆಂದು ತಿಳಿಯದೆ ‘ಏಂಜೆಲ್’ ಎಂದು ಕರೆದುಬಿಟ್ಟರು.

ಮೊದಲು ನೆಲದ ಗದ್ದಲ ತೆಗೆಯಿರಿ. ಗುಡ್ಡ, ಕಟ್ಟಡ ಅಲುಗುವುದಿಲ್ಲ; ಅಲ್ಲಿ ಡಾಪ್ಲರ್ ವೇಗ, ಅಂದರೆ ರಾಡಾರ್‌ನ ಕಡೆಗೆ ಬರುವ ಇಲ್ಲವೇ ಅದರಿಂದ ದೂರ ಸರಿಯುವ ವೇಗ, ಸೊನ್ನೆ. ಹಾಗಂತ ಸೊನ್ನೆ ಕಂಡಲ್ಲೆಲ್ಲ ಅಳಿಸಬೇಡಿ. ಗಾಳಿ ಕಿರಣಕ್ಕೆ ಅಡ್ಡಲಾಗಿ ಬೀಸುವ ಕಡೆಯೂ ಸೊನ್ನೆಯೇ ಬರುತ್ತದೆ.

ಉಳಿದದ್ದು ಗಾಳಿಯೋ, ಹಾರುವ ಹುಳವೋ? ಕಷ್ಟವಿರುವುದು ಇಲ್ಲೇ. ಬರೀ ಗಾಳಿ ಅಲೆಯನ್ನು ಹಿಂದಕ್ಕೆ ಕಳಿಸುತ್ತದಾ ಅಂದರೆ, ಹೌದು. ಒಣ ಗಾಳಿಯೂ ತೇವದ ಗಾಳಿಯೂ ಕಲಸಿಕೊಳ್ಳುವಾಗ ಸಣ್ಣ ಸುಳಿಗಳು ಏಳುತ್ತವೆ, ವಕ್ರೀಭವನ ಸೂಚ್ಯಂಕ (ಗಾಳಿ ಅಲೆಯನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಅಲ್ಲಲ್ಲೇ ಏರಿಳಿಯುತ್ತದೆ. ಆ ಏರಿಳಿತದ ಅಳತೆ ತರಂಗಾಂತರದ ಅರ್ಧದಷ್ಟಿದ್ದರೆ ಮರಳುವ ಅಲೆಗಳು ಒಂದಕ್ಕೊಂದು ಕೂಡಿ ಬಲವಾಗುತ್ತವೆ. ಇದೇ ಬ್ರ್ಯಾಗ್ ಚದುರಿಕೆ. 10 ಸೆಂ.ಮೀ. ತರಂಗಾಂತರದ ರಾಡಾರ್‌ಗೆ ಕಾಣುವುದು 5 ಸೆಂ.ಮೀ. ಏರಿಳಿತ, 6 ಮೀಟರ್ ರಾಡಾರ್‌ಗೆ 3 ಮೀಟರಿನದು.

ಎರಡು ತರಂಗಾಂತರದಲ್ಲಿ ಒಂದೇ ಜಾಗ ನೋಡಿದರೆ ಗುಟ್ಟು ರಟ್ಟಾಗುತ್ತದೆ. ತರಂಗಾಂತರ ಹತ್ತು ಪಟ್ಟಾದರೆ, ಅದಕ್ಕಿಂತ ತೀರಾ ಸಣ್ಣ ಹುಳದ ಪ್ರತಿಧ್ವನಿ ಹತ್ತು ಸಾವಿರ ಪಟ್ಟು ಕುಸಿಯುತ್ತದೆ. ಗಾಳಿಯದು ಅರ್ಧಕ್ಕಿಂತ ತುಸು ಕೆಳಗಿಳಿಯುತ್ತದೆ, ಅಷ್ಟೇ. 1960ರ ದಶಕದಲ್ಲಿ ಅಮೆರಿಕದ ವಾಲಪ್ಸ್ ದ್ವೀಪದಲ್ಲಿ ಸುಮಾರು 3, 10, 71 ಸೆಂ.ಮೀ.ನ ಮೂರು ರಾಡಾರ್ ಬಳಸಿ ಹೀಗೇ ಬೇರ್ಪಡಿಸಿದರು.

ಇರುವುದೇ ಒಂದು ರಾಡಾರ್ ಆದರೆ ಅಡ್ಡಕ್ಕೆ ಕಂಪಿಸುವ ಅಲೆ ಮತ್ತು ಲಂಬಕ್ಕೆ ಕಂಪಿಸುವ ಅಲೆಗಳ ಪ್ರತಿಧ್ವನಿ ಹೋಲಿಸಿ. ಹಾರುವ ಹುಳದ ಮೈ ಅಡ್ಡಕ್ಕೆ ಉದ್ದ, ಹಾಗಾಗಿ ಅಡ್ಡ ಅಲೆಯ ಪ್ರತಿಧ್ವನಿ ಕೆಲವು ಡೆಸಿಬೆಲ್ ಜಾಸ್ತಿ. ಗಾಳಿಯ ಸುಳಿಯಲ್ಲಿ ವ್ಯತ್ಯಾಸ ಸೊನ್ನೆಯ ಆಸುಪಾಸು.

ಹುಳ ಅಂತ ಗೊತ್ತಾದ ಮೇಲೆ ಸುಮ್ನೆ ಬಿಸಾಡಬೇಡಿ. ಸಣ್ಣ ಹುಳ ಹೆಚ್ಚುಕಡಿಮೆ ಗಾಳಿಯ ಜೊತೆಗೇ ತೇಲುತ್ತದೆ. ತೆರೆಯಲ್ಲಿ ತೆಳು ಗೆರೆ ಕಂಡರೆ, ಎರಡು ಕಡೆಯ ಗಾಳಿ ಸೇರುವಲ್ಲಿ ಹುಳಗಳು ಗುಂಪಾಗಿವೆ ಎಂದರ್ಥ; ಸಮುದ್ರದ ಗಾಳಿಯ ಅಂಚು ಹೀಗೇ ಸಿಗುತ್ತದೆ.

ಕೊನೆಗೆ ಗಾಳಿಯ ವೇಗ. ಒಂದೇ ಎತ್ತರದಲ್ಲಿ ಸುತ್ತಲೂ ಡಾಪ್ಲರ್ ವೇಗ ಗುರುತಿಸಿ. ಗಾಳಿ ಎಲ್ಲೆಡೆ ಒಂದೇ ಸಮನಿದ್ದರೆ ಸೈನ್ ಅಲೆ ಮೂಡುತ್ತದೆ. ದೂರ ಸರಿಯುವ ವೇಗ ಈಶಾನ್ಯದಲ್ಲಿ ಗರಿಷ್ಠ, ಸೆಕೆಂಡಿಗೆ 8 ಮೀಟರ್ ಅನ್ನಿ. ಅಂದರೆ ನೈಋತ್ಯದಿಂದ ಅಷ್ಟೇ ವೇಗದ ಗಾಳಿ. ಕಿರಣ ಹೆಚ್ಚು ಮೇಲಕ್ಕಿದ್ದರೆ, ಅದು ನೆಲಮಟ್ಟದಿಂದ ಎದ್ದ ಕೋನದ ಕೊಸೈನ್‌ನಿಂದ ಆ ವೇಗವನ್ನು ಭಾಗಿಸಿ.

ಹಕ್ಕಿಗಳ ವಿಷಯದಲ್ಲಿ ಮಾತ್ರ ಹುಷಾರು. ಅವು ಸ್ವಂತ ವೇಗದಲ್ಲಿ ಹಾರುತ್ತವೆ. ವಲಸೆ ಕಾಲದಲ್ಲಿ ಸೂರ್ಯ ಮುಳುಗುತ್ತಲೇ ಪ್ರತಿಧ್ವನಿ ಹಿಗ್ಗಿದರೆ ಆ ಗಾಳಿ ಲೆಕ್ಕವನ್ನು ಹವಾಮಾನ ಬಲೂನಿನ ಅಳತೆಯೊಂದಿಗೆ ತಾಳೆ ನೋಡದೆ ಬಳಸಬೇಡಿ.